ವಿಳಾಸದ ಖಾನೆಯಲ್ಲಿ ಬರೆದದ್ದು

ಗಜೇಂದ್ರಗಡದ ಕೋಟೆ ರಸ್ತೆಯ ಹೊಸ ದವಾಖಾನೆಯಲ್ಲಿ ನರ್ಸು ರೇಷ್ಮಾ ಸೂಜಿಗೆ ಔಷಧ ತುಂಬಿಕೊಂಡು ಬಂದಾಗ, ಹಸನಬಿ ಮಗಳ ತೋಳಿನ ಮೇಲೆ ಅಂಗೈ ಮುಚ್ಚಿ ಕೂತುಬಿಟ್ಟಳು.

“ಕೈ ತಗಿಬೇ,” ಅಂದಳು ರೇಷ್ಮಾ.

“ಮೊದಲ ಕಂಪ್ಯೂಟರ್ ನೋಡ್ರಿ ಬಾಯಾರ. ನನ್ನ ಮಗಳಿಗೆ ಒಂದು ಸೂಜಿ ಆಗಿಬರೂದಿಲ್ಲ. ಅದರಾಗ ಬರದೈತಿ.”

“ನೋಡೇನಿ. ಏನೂ ಬರದಿಲ್ಲ.”

“ಬರದೈತ್ರಿ. ಇನ್ನೊಮ್ಮೆ ನೋಡ್ರಿ.”

ರೇಷ್ಮಾ ಟ್ರೇಯನ್ನು ಮಂಚದ ಮೇಲೆ ಠಕ್ಕನೆ ಇಟ್ಟಳು. ಗಾಲಿಯ ಮೇಜಿನ ಮೇಲಿದ್ದ ಕಂಪ್ಯೂಟರನ್ನು ದರದರ ಎಳೆದು ತಂದು ಹಸನಬಿಯ ಮುಖಕ್ಕೆ ಹಿಡಿದಂತೆ ನಿಲ್ಲಿಸಿದಳು. “ಮೆಹನಾಜ. ವಯಸ್ಸು ಹದಿಮೂರು. ಅಲರ್ಜಿ, ಇಲ್ಲ. ಓದಾಕ ಬರ್ತೈತಿಲ್ಲೋ? ಇಲ್ಲ ಅಂದ್ರ ಇಲ್ಲ.”

ಹಸನಬಿಗೆ ಓದಲು ಬರುತ್ತಿತ್ತು. ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲಿಗೆ ಹೋದವಳು, ಗಂಡನ ಊರು ಪುರ್ತಗೇರಿಯಲ್ಲಿ ಮನೆಯೊಳಗೇ ಜಂಪರ್ ಹೊಲಿದು ನಾಲ್ಕು ಓಣಿಯ ಹೆಂಗಸರ ಅಳತೆ ಬರೆದಿಟ್ಟುಕೊಂಡವಳು. ಪರದೆಯ ಮೇಲೆ ಅಕ್ಷರ ಕಪ್ಪಗೆ, ಸ್ಪಷ್ಟವಾಗಿ ಕೂತಿತ್ತು. ಇಲ್ಲ.

ಮಂಚದ ಮೇಲೆ ಮೆಹನಾಜ ಕಾಲು ಮಡಿಸಲಾರದೆ ಮಲಗಿದ್ದಳು. ಐದು ದಿನದ ಹಿಂದೆ ಬದುವಿನಲ್ಲಿ ಜಾಲಿಮುಳ್ಳು ಅಂಗಾಲಿಗೆ ಹೊಕ್ಕಿ ಅರ್ಧ ಒಳಗೇ ಮುರಿದಿತ್ತು. ಈಗ ಪಾದ ಹಂಡೆಯ ಹಾಗೆ ಊದಿ, ಕೆಂಪು ಗೆರೆಯೊಂದು ಹಿಮ್ಮಡಿ ದಾಟಿ ಮೇಲಕ್ಕೆ ಏರುತ್ತಿತ್ತು. ಮೈ ಸುಡುತ್ತಿತ್ತು. ಹಾಗೆ ಏರುವುದಕ್ಕೆ ಮೂರು ದಿನ ದಾರಿ ಬಿಟ್ಟುಕೊಟ್ಟವಳು ಅತ್ತೆ ಖಾಜಾಬಿ. ಸುಣ್ಣ ಬೆಲ್ಲ ಕಲಸಿ ಹಚ್ಚಿ, “ದವಾಖಾನಿ ಬ್ಯಾಡ, ತಾನ ಕೀವಾಗಿ ಹೊರಗ ಬರ್ತೈತಿ,” ಎಂದು ಮೊಮ್ಮಗಳನ್ನು ಮನೆಯಲ್ಲೇ ಮಲಗಿಸಿದ್ದಳು. ಆ ಅಳುಕು ಈಗ ಸಿಟ್ಟಾಗಿ ಸೊಸೆಯ ಮೇಲೆ ಉಕ್ಕುತ್ತಿತ್ತು.

“ಯಾವಾಗ ಡಾಕ್ಟರಕಿ ಆದಿ ನೀ? ಕೂಸಿನ ಕಾಲು ಕೊಳತು ಹೊಂಟೈತಿ, ಕೈ ಮುಚ್ಚಿ ಕುಂತಾಳಂತ ಕೈ!”

“ಅತ್ತಿ, ನೀವು ಸುಮ್ನಿರ್ರಿ. ಮೂರು ದಿವಸ ಸುಣ್ಣಬೆಲ್ಲದಾಗ ಕಳದವರು ನೀವು.”

“ಕೇಳಿದೇನವಾ ಈಕಿ ಬಾಯಿ?” ಎಂದು ಖಾಜಾಬಿ ರೇಷ್ಮಾಳ ಕಡೆ ತಿರುಗಿದಳು. ರೇಷ್ಮಾ ಸೂಜಿಯನ್ನೇ ನೋಡುತ್ತ ನಿಂತಿದ್ದಳು.

ಎಂಟು ವರ್ಷದ ಹಿಂದಿನ ಮಾತು. ಹಸನಬಿ ತವರುಮನೆ ಅಸೂಟಿಗೆ ಹೋಗಿದ್ದಾಗ ಐದು ವರ್ಷದ ಮೆಹನಾಜಳಿಗೆ ಗಂಟಲು ಬಾತು ಜ್ವರ ಬಂತು. ರೋಣದ ಹಿರೇಬಾವಿ ಧರ್ಮಾರ್ಥ ದವಾಖಾನೆಗೆ ಎತ್ತಿಕೊಂಡು ಹೋದಳು. ಅಲ್ಲಿಯ ನರ್ಸು, “ಮೊದಲ ಚೂರು ಹಾಕಿ ನೋಡ್ತೀವಿ,” ಎಂದು ಚರ್ಮದ ಕೆಳಗೆ ಸಾಸಿವೆಯಷ್ಟು ಔಷಧ ಚುಚ್ಚಿದಳು. ಅಷ್ಟಕ್ಕೇ ಕೂಸಿನ ತುಟಿ ಬಾತವು, ಕಣ್ಣು ಮುಚ್ಚಿಹೋದವು, ಉಸಿರು ಸಿಳ್ಳಿನ ಹಾಗೆ ಎಳೆದು ಎಳೆದು ನಿಂತೇಹೋಯಿತು. ಡಾಕ್ಟರುಗಳು ಓಡಿ ಬಂದು ಹೇಗೋ ಉಳಿಸಿದರು. ಆ ಗದ್ದಲದಲ್ಲಿ ಸೂಜಿಯ ಹೆಸರು ಹಸನಬಿಯ ಕಿವಿಗೆ ಬೀಳಲಿಲ್ಲ. ಮರುದಿನ ಕೇಳಿದಾಗ ಕೌಂಟರಿನ ಶಿವನಪ್ಪ, “ಇಂಗ್ಲೀಷ್ ಹೆಸರು ನೀ ನೆನಪಿಟ್ಟು ಏನ್ ಮಾಡ್ತಿ ತಂಗಿ? ನಾ ಬರದು ಇಡ್ತೀನಿ,” ಅಂದ. ಅಸೂಟಿಯವನೇ, ತವರೂರಿನ ಅಣ್ಣ.

ಬರೆದದ್ದು ವಿಳಾಸದ ಖಾನೆಯಲ್ಲಿ. ಅದಕ್ಕೊಂದು ಕಾರಣವಿತ್ತು. ಆ ದವಾಖಾನೆಯ ಕಂಪ್ಯೂಟರಿನಲ್ಲಿ ಇಂಥದ್ದಕ್ಕೆಂದೇ ಬೇರೆ ಖಾನೆ ಇದ್ದರೂ ಅದರಲ್ಲಿ ಬರೆದದ್ದು ಚೀಟಿಯ ಮೇಲೆ ಮೂಡುತ್ತಿರಲಿಲ್ಲ. ವಿಳಾಸ ಮಾತ್ರ ಚೀಟಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಡಾಕ್ಟರು ತಲೆ ಎತ್ತದೆ ನೋಡಿದರೂ ಕಣ್ಣಿಗೆ ಬೀಳುವ ಸಾಲು ಅದು. ಅದಕ್ಕೇ ಶಿವನಪ್ಪ ಯಾರಿಗೆ ಯಾವ ಔಷಧ ಆಗದೋ ಅದನ್ನು ಅವರ ಊರಿನ ಹೆಸರಿನ ಮುಂದೆ ಸೇರಿಸಿಬಿಡುತ್ತಿದ್ದ. ಅವನ ಈ ಉಪಾಯದಿಂದ ಆ ದವಾಖಾನೆಯಲ್ಲಿ ಒಮ್ಮೆಯೂ ತಪ್ಪಾಗಿರಲಿಲ್ಲ. ಹಸನಬಿ ಆ ಚೀಟಿಗಳನ್ನು ಹೊಲಿಗೆ ಮಷೀನಿನ ಡ್ರಾದಲ್ಲಿ ಗುಂಡಿ, ಹುಕ್ಕುಗಳ ಜೊತೆ ಜೋಪಾನವಾಗಿ ಇಟ್ಟಿದ್ದಳು. ಇಂಗ್ಲಿಷ್ ಓದಲು ಬಾರದಿದ್ದರೂ ಮೇಲಿನ ಸಾಲಿನ ಅರ್ಧ ಭಾಗ ತನ್ನ ಮಗಳ ಕಾವಲುಗಾರ ಎಂಬುದು ಅವಳಿಗೆ ಗೊತ್ತಿತ್ತು.

ಎರಡು ತಿಂಗಳ ಹಿಂದೆ ತವರಿಗೆ ಹೋದಾಗ ಅದೇ ಶಿವನಪ್ಪ ಹೇಳಿದ್ದ: “ಇನ್ನ ಆ ಚೀಟಿ ಹಿಡಕೊಂಡು ತಿರಗಬ್ಯಾಡ ತಂಗಿ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಊರಾಗಿನ ಆರು ದವಾಖಾನಿ ಕೂಡಿ ಕಂಪ್ಯೂಟರ್ ಜೋಡಿಸ್ಯಾರ. ಒಂದರಾಗಿಂದು ಇನ್ನೊಂದಕ್ಕ ತಾನ ಹೋಗ್ತೈತಿ. ಎಲ್ಲಿಗೆ ಹೋದ್ರೂ ದವಾಖಾನಿ ಕಾರ್ಡ್ ತೋರಸು, ಮುಗೀತು.” ಹಸನಬಿ ನಂಬಿದಳು. ಊರಿಗೆ ಬಂದ ವಾರದೊಳಗೆ ಖಾಜಾಬಿ ಆ ಹಳೆಯ ಚೀಟಿಗಳನ್ನು ಒಲೆಗೆ ಹಚ್ಚಿದಾಗಲೂ ಏನೂ ಅನ್ನಲಿಲ್ಲ. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸುತ್ತಿತ್ತು.

ಡಾಕ್ಟರ ಇನಾಯತ ಒಳಗೆ ಬಂದರು. ಇನ್ನೂ ಮೂವತ್ತು ದಾಟದ ಮನುಷ್ಯ. ಹೊರಗಿನ ಸಾಲಿನಲ್ಲಿ ನಲವತ್ತು ಜನ ಕೂತಿದ್ದರು. ಮುಖದ ಮೇಲೆ ಆ ನಲವತ್ತೂ ಜನರ ಭಾರ ಇತ್ತು.

“ಯಾವ ಸೂಜಿ ಆಗೂದಿಲ್ಲ?”

“ಹೆಸರು ಗೊತ್ತಿಲ್ರಿ ಸಾಹೇಬ್ರ.”

“ಹೆಸರು ಗೊತ್ತಿಲ್ಲ. ಚೀಟಿ ಇಲ್ಲ. ಕಂಪ್ಯೂಟರಿನಾಗ ಇಲ್ಲ. ನಿಮ್ಮ ಕನಸಿನಾಗ ಬಂದಿತ್ತೇನು?”

ರೇಷ್ಮಾ ನಕ್ಕಳು. ಹಸನಬಿಯ ಕಿವಿ ಬಿಸಿಯಾದವು, ಕೈ ಮಾತ್ರ ಅಲುಗಲಿಲ್ಲ.

“ಚೂರು ಟೆಸ್ಟ್ ಹಾಕಿ ನೋಡ್ತೀವಿ,” ಅಂದರು ಡಾಕ್ಟರು. “ಆಗಲಿಲ್ಲಂದ್ರ ಬಿಡ್ತೀವಿ.”

“ಆವತ್ತೂ ಚೂರ ಹಾಕಿದ್ರರಿ. ಆ ಚೂರಿಗೇ ಉಸಿರು ನಿಂತಿತ್ತು.”

“ಹಂಗಾದ್ರ ಸಹಿ ಮಾಡ್ರಿ. ಔಷಧ ನಾವ ಬ್ಯಾಡ ಅಂದ್ವಿ ಅಂತ. ಮಾಡಿ ಗದಗಿಗೆ ಕರಕೊಂಡು ಹೋಗ್ರಿ. ಈ ಕಾಲು ತಗೊಂಡು ಒಂದೂವರೆ ತಾಸು ಗಾಡ್ಯಾಗ. ದಾರ್ಯಾಗ ಏನರೆ ಆತಂದ್ರ ನನ್ನ ಕೇಳಬ್ಯಾಡ್ರಿ.”

ಅವರ ಮಾತು ಒರಟಾಗಿದ್ದರೂ ಸುಳ್ಳಲ್ಲ. ಸೂಜಿ ಹಾಕದಿದ್ದರೆ ಕೆಂಪು ಗೆರೆ ಏರುತ್ತದೆ. ಹಾಕಿದ ಸೂಜಿ ಅದೇ ಆಗಿದ್ದರೆ ಉಸಿರು ನಿಲ್ಲುತ್ತದೆ. ಎರಡರ ನಡುವೆ ಹಸನಬಿಯ ಅಂಗೈಯಷ್ಟೇ ಜಾಗ.

“ರೋಣಕ್ಕ ಫೋನ್ ಹಚ್ಚತೀನ್ರಿ. ಬರದಾಂವ ಅಲ್ಲಿ ಅದಾನ.”

“ಹತ್ತು ಮಿನಿಟ್,” ಎಂದು ಡಾಕ್ಟರು ಗೋಡೆಯ ಗಡಿಯಾರ ನೋಡಿ ಹೊರಗೆ ಹೋದರು.

ಒಂದು ಕೈ ಮಗಳ ತೋಳಿನ ಮೇಲೆ ಇಟ್ಟುಕೊಂಡೇ ಹಸನಬಿ ಇನ್ನೊಂದು ಕೈಯಲ್ಲಿ ಫೋನು ಒತ್ತಿ, ಎಲ್ಲರಿಗೂ ಕೇಳುವಂತೆ ಹಾಸಿಗೆಯ ಮೇಲೆ ಇಟ್ಟಳು.

“ಹಾಂ ತಂಗಿ, ಹೇಳು,” ಅಂದ ಶಿವನಪ್ಪ. ಸಂಗತಿ ಕೇಳಿದ ಮೇಲೆ ಅವನ ಗಂಟಲು ಏರಿತು. “ಹುಚ್ಚು ಹಿಡದೈತೇನ ಅವ್ರಿಗೆ? ಇಲ್ಲ ಅಂದ್ರ ಹ್ಯಾಂಗ? ನನ್ನ ಕೈಲೆ ನಾನ ಬರದೀನಿ. ವಿಳಾಸದಾಗ ನೋಡು ಅನ್ನು.”

“ಎಲ್ಲಿ?” ರೇಷ್ಮಾ ಬಗ್ಗಿ ಕೇಳಿದಳು.

“ವಿಳಾಸದಾಗವಾ, ವಿಳಾಸದಾಗ!”

ರೇಷ್ಮಾ ಪರದೆ ನೋಡಿದಳು. “ಅಸೂಟಿ. ತಾಲೂಕು ರೋಣ. ಜಿಲ್ಲಾ ಗದಗ. ಅಷ್ಟ.”

“ಅಸೂಟಿ ಮುಂದ ಏನೈತಿ ನೋಡು.”

“ಮುಂದ ಊರಿನ ಪಿನ್ ನಂಬರ್ ಅಷ್ಟ ಐತಿ. ವಿಳಾಸದ ಖಾನೆದಾಗ ರೋಗ ಬರೀತಾರೇನ್ರೀ? ನಾಳೆ ಹೆಸರಿನ ಖಾನೆದಾಗ ಇವತ್ತು ಏನು ಪಲ್ಲೆ ಮಾಡೀರಿ ಅಂತ ಬರೀರಿ.”

“ಏ ಹುಡುಗಿ, ನೀ ಪಾಟಿ ಹಿಡಿಯೂಕಿಂತ ಮೊದಲ ನಾ ಈ ಕುರ್ಚಿದಾಗ ಕುಂತಾಂವ. ನನಗ ಖಾನೆ ಕಲಸ್ತಿ?”

“ಯಾರರೆ ಕಲಿಸಬೇಕಾಗಿತ್ತು ನಿಮಗ!”

“ನಿಮ್ಮ ದವಾಖಾನ್ಯಾಗ ಕತ್ತರಿಸ್ಯಾರ ಅದನ್ನ, ನಾ ಬರದದ್ದು ಬರಾಬರಿ...”

“ಬಾಯಿ ಮುಚ್ಚರಿ ಇಬ್ಬರೂ!”

ಹಸನಬಿಯ ದನಿ ಅವಳಿಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. ಹೊರಗಿನ ಸಾಲಿನಲ್ಲಿ ಮಾತು ನಿಂತಿತು. ಅವಳು ಉಸಿರು ಹಿಡಿದು ಕೇಳಿದಳು: “ಅಣ್ಣಾ, ಆ ಸೂಜಿ ಹೆಸರು ಹೇಳು.”

ಫೋನಿನಿಂದ ಶಿವನಪ್ಪನ ಸಣ್ಣ ದನಿ ಬಂತು: “ಎಂಟು ವರ್ಷದ ಮಾತು ತಂಗಿ. ಒಬ್ಬರದಲ್ಲ, ಇಬ್ಬರದಲ್ಲ. ನನಗೆಲ್ಲಿ ನೆನಪಿರ್ತೈತಿ?”

“ನಿನ್ನ ಕಂಪ್ಯೂಟರಿನಾಗ ನೋಡು.”

“ಅದೂ ಹೊಸಾದು. ಅದರಾಗೂ ಬರೇ ಅಸೂಟಿ ಅಂತ ಐತಿ ಈಗ.” ಇದನ್ನು ಹೇಳುತ್ತಿರುವಾಗಲೇ ಅವನು ಮೊದಲ ಸಲ ನೋಡಿದನೆಂದು ದನಿಯಿಂದಲೇ ತಿಳಿಯುತ್ತಿತ್ತು.

“ಹಳೇದು?”

“ಸ್ಟೋರ್ ರೂಮಿನಾಗ ಐತಿ. ಕೀಲಿ ಮ್ಯಾನೇಜರ್ ಹತ್ರ... ಅದು ಸುರು ಆಗಾಕ...”

“ಕೀಲಿ ಮುರಿ. ಅದನ್ನ ಸುರು ಮಾಡು.”

ಫೋನು ಕಟ್ಟಾಗಲಿಲ್ಲ. ಅದರೊಳಗಿಂದ ಚಪ್ಪಲಿಯ ಸಪ್ಪಳ, ಬಾಗಿಲ ಸಪ್ಪಳ, ಯಾರಿಗೋ ಬೈಯುವ ಸಪ್ಪಳ ಬರುತ್ತಿತ್ತು. ಮೆಹನಾಜ ಕಣ್ಣು ತೆರೆದಳು. ತುಟಿ ಒಣಗಿ ಬಿರಿದಿದ್ದವು. ಹಸನಬಿ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಒರೆಸಿದಳು.

“ಯವ್ವಾ, ಸೂಜಿ ಮಾಡಿಸಿಬಿಡು. ಭಾಳ ನೋಯಾಕತ್ತೈತಿ.”

“ಮಾಡಿಸ್ತೀನಿ ನನ್ನವ್ವ. ಚೂರು ತಡಿ.”

“ಯಾಕ ಕೈ ಇಟ್ಟಿ? ತಗಿ. ನಾ ಅಳೂದಿಲ್ಲ.”

ಇದನ್ನು ಕೇಳಲಾರದೆ ಖಾಜಾಬಿ ಎದ್ದು ಬಂದು ಸೊಸೆಯ ಮುಂಗೈ ಹಿಡಿದು ಜಗ್ಗಿದಳು. ಗಾಜಿನ ಬಳೆಯೊಂದು ಚಟ್ಟೆಂದು ಒಡೆಯಿತು. “ತಗಿ ಅಂದ್ರ ತಗಿ! ಕೂಸು ತಾನ ಕೇಳಾಕತ್ತೈತಿ. ನನ್ನ ಮೊಮ್ಮಗಳು ಅಕಿ.”

“ಮೊಮ್ಮಗಳು ನಿಮ್ಮಾಕಿ. ಉಸಿರು ನಿಂತದ್ದು ನೋಡಿದಾಕಿ ನಾನು. ಬಿಡ್ರಿ.”

ಬಳೆ ಚೂರು ತಾಗಿ ಮುಂಗೈ ಮೇಲೆ ರಕ್ತ ಮೂಡಿತು. ಹಸನಬಿ ಅದನ್ನು ನೋಡಲೂ ಇಲ್ಲ. ಖಾಜಾಬಿ ಕೈ ಬಿಟ್ಟು ಹಿಂದೆ ಸರಿದು, ಗೋಡೆಗೆ ಮುಖ ಮಾಡಿ ಕೂತಳು.

ಹತ್ತು ನಿಮಿಷ ಹದಿನೈದಾಯಿತು. ಡಾಕ್ಟರು ಕಾಗದ ಹಿಡಿದುಕೊಂಡೇ ಬಂದು ಪೆನ್ನು ಮುಂದೆ ಚಾಚಿದರು. “ಸಹಿ.” ಹಸನಬಿ ಪೆನ್ನು ತೆಗೆದುಕೊಂಡಳು. ಅಷ್ಟರಲ್ಲಿ ಫೋನು ಕರಕರ ಅಂದಿತು.

“ಸಿಕ್ಕಿತು! ಅಸೂಟಿ, ಪೆನ್ಸಿಲಿನ್ ಸೀರಿಯಸ್ ರಿಯಾಕ್ಷನ್. ಪೆನ್ಸಿಲಿನ್, ತಂಗಿ!”

“ನಾವು ಕೊಡೂದು ಪೆನ್ಸಿಲಿನ್ ಅಲ್ಲಲ್ಲ,” ಅಂದಳು ರೇಷ್ಮಾ, ಬಾಟಲಿಯ ಮೇಲಿನ ಹೆಸರು ತೋರಿಸುತ್ತ. “ಇದರ ಹೆಸರ ಬ್ಯಾರೆ.”

ಡಾಕ್ಟರ ಮುಖದ ಬಣ್ಣ ಇಳಿದದ್ದನ್ನು ಹಸನಬಿ ಕಂಡಳು. ಅವರು ಟ್ರೇಯಿಂದ ಸೂಜಿ ಎತ್ತಿ ಕಸದ ಡಬ್ಬಿಗೆ ಹಾಕಿದರು.

“ಹೆಸರು ಬ್ಯಾರೆ, ಮನೆತನ ಒಂದ ಸಿಸ್ಟರ್. ಬ್ಯಾರೆ ಔಷಧ ಬರೀತೀನಿ, ಲಗೂ ತರ್ರಿ.” ಆಮೇಲೆ ಹಸನಬಿಯ ಕಡೆ ನೋಡದೆ, “ಇದನ್ನ ಮೊದಲ ಹೇಳಬೇಕಾಗಿತ್ತು,” ಅಂದರು.

“ಅರ್ಧ ತಾಸಿನಿಂದ ಅದನ್ನ ಹೇಳಾಕತ್ತೀನ್ರಿ,” ಅಂದಳು ಹಸನಬಿ. ಆಗ ಅವಳು ಕೈ ತೆಗೆದಳು. ಮಗಳ ತೋಳಿನ ಮೇಲೆ ಅವಳ ಐದೂ ಬೆರಳು ಮೂಡಿದ್ದವು.

ಬೇರೆ ಔಷಧ ಹನಿಹನಿಯಾಗಿ ಇಳಿಯತೊಡಗಿದ ಮೇಲೆ ಅವಳು ಡಾಕ್ಟರನ್ನು ತಡೆದು ಕೇಳಿದಳು: ಬರೆದದ್ದು ಹೋದದ್ದಾದರೂ ಎಲ್ಲಿಗೆ? ಡಾಕ್ಟರು ಬೇಸರದಿಂದಲೇ ಹೇಳಿದರು. ಒಂದೊಂದು ದವಾಖಾನೆಯ ಕಂಪ್ಯೂಟರಿಗೆ ಒಂದೊಂದು ರೀತಿ. ಒಂದರದು ಇನ್ನೊಂದಕ್ಕೆ ತಿಳಿಯಬೇಕಾದರೆ ಎಲ್ಲರೂ ಕೂಡಿ ಒಪ್ಪಿಕೊಂಡ ನಿಯಮ ಬೇಕು. ಹೆಸರು ಈ ಖಾನೆ, ಊರು ಈ ಖಾನೆ, ಆಗದ ಔಷಧ ಈ ಖಾನೆ. ಆರೂ ದವಾಖಾನೆಯವರು ಹಾಗೆ ಒಪ್ಪಿಕೊಂಡರು. ಊರಿನ ಖಾನೆಗೆ ಊರಷ್ಟೇ ಹಿಡಿಸುತ್ತದೆ, ಹೆಚ್ಚಿಗೆ ಇದ್ದದ್ದು ಉದುರಿಹೋಯಿತು.

“ಹೋಗಲಿ. ಮತ್ತ ಇಲ್ಲ ಅಂತ ಬರದವರು ಯಾರು?”

“ಯಾರೂ ಬರದಿಲ್ಲ. ರೋಣದವರ ಆ ಖಾನೆ ಖಾಲಿ ಇತ್ತು. ಇಲ್ಲಿ ಖಾಲಿ ಇಡಾಕ ಬರೂದಿಲ್ಲ. ಅದಕ್ಕ ಇಲ್ಲ ಅಂತ ತುಂಬಿಕೊಂಡೈತಿ.”

“ಗೊತ್ತಿಲ್ಲ ಅನ್ನೂದು ಬ್ಯಾರೆ, ಇಲ್ಲ ಅನ್ನೂದು ಬ್ಯಾರೆ ಅಲ್ಲೇನ್ರಿ ಸಾಹೇಬ್ರ?”

ಡಾಕ್ಟರು ಹೊರಗಿನ ಸಾಲಿನ ಕಡೆ ಹೊರಟುಹೋದರು. ಹಸನಬಿ ಕೂತಲ್ಲೇ ಕುದಿಯುತ್ತಿದ್ದಳು. ಬೇರೆ ಟೇಲರನ ಅಳತೆ ಚೀಟಿ ಹಿಡಿದು ಅವಳ ಹತ್ತಿರವೂ ಗಿರಾಕಿಗಳು ಬರುತ್ತಾರೆ. ಯಾವ ಅಂಕಿ ಎದೆಯದು, ಯಾವುದು ಸೊಂಟದ್ದು ತಿಳಿಯುವುದಿಲ್ಲ. ತಿಳಿಯದಿದ್ದರೆ ಅವಳು ಟೇಪು ಹಿಡಿದು ಮತ್ತೆ ಅಳೆಯುತ್ತಾಳೆ. ತೋಳಿನ ಅಳತೆ ಬರೆದಿಲ್ಲವೆಂದು ತೋಳೇ ಇಲ್ಲದ ಜಂಪರ್ ಹೊಲಿದು ಕೊಟ್ಟದ್ದುಂಟೆ?

ಮೂರನೆಯ ದಿನಕ್ಕೆ ಮುರಿದ ಮುಳ್ಳು ಹೊರಗೆ ಬಂತು, ಜ್ವರ ಇಳಿಯಿತು. ಖಾಜಾಬಿ ಮೊಮ್ಮಗಳಿಗೆ ಗಂಜಿ ಕುಡಿಸುತ್ತ ಕೂತಿದ್ದಳು. ಅತ್ತೆ ಸೊಸೆ ಇನ್ನೂ ಮಾತು ಬಿಟ್ಟೇ ಇದ್ದರು. ಹಸನಬಿ ಅಳತೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ರೋಣಕ್ಕೆ ಹೋದಳು.

ಹಿರೇಬಾವಿ ದವಾಖಾನೆಯ ಕೌಂಟರಿನಲ್ಲಿ ಶಿವನಪ್ಪ ಅವಳನ್ನು ಕಂಡು ಮುಖ ಅರಳಿಸಿದ. “ಬಾ ತಂಗಿ. ಹುಡುಗಿ ಚಲೋ ಅದಾಳಲ್ಲ? ನೋಡು, ನಾ ಬರದಿಟ್ಟಿದ್ದಕ್ಕ ಉಳದ್ಲು.”

“ನೀವು ಬರದಿಟ್ಟಿದ್ದಕ್ಕ ಸಾಯಾಕ ಹೊಂಟಿದ್ಲು, ಶಿವನಪ್ಪನವರ.”

ಇಪ್ಪತ್ತು ವರ್ಷ ಅಣ್ಣಾ, ನೀನು ಎಂದು ಕರೆದ ಬಾಯಿಂದ ‘ಶಿವನಪ್ಪನವರ’ ಎಂದು ಕೇಳಿ ಅವನ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ಆಮೇಲೆ ಅವನಿಗೂ ಸಿಟ್ಟು ಬಂತು.

“ನನಗ್ಯಾಕ ಅಂತಿ? ಎರಡು ದಿವಸ ಮೀಟಿಂಗ್ ಮಾಡಿದ್ರು. ಯಾವ ಖಾನೆದಾಗ ಏನೈತಿ, ಯಾವುದು ಎಲ್ಲಿಗೆ ಹೋಗಬೇಕು ಅಂತ. ಡಾಕ್ಟರನ್ನ ಕರದ್ರು, ಮ್ಯಾನೇಜರನ್ನ ಕರದ್ರು. ಹದಿನೆಂಟು ವರ್ಷ ಖಾನೆ ತುಂಬಿದಾಂವ ನಾನು. ನನ್ನ ಚಾ ತರಾಕ ಕಳಿಸಿದ್ರು.”

“ಚಾ ತಂದು ಕೊಟ್ಟಾಗ ಹೇಳಬೇಕಾಗಿತ್ತು.”

“ನನ್ನ ಯಾರು ಕೇಳಿದ್ರು?”

“ನಿಮ್ಮನ್ನ ಯಾರೂ ಕೇಳಲಿಲ್ಲ, ಖರೇ. ಚೀಟಿ ಬ್ಯಾಡ ಅಂತ ನನಗ ಹೇಳಾಕ ನಿಮಗ ಯಾರು ಹೇಳಿದ್ರು?”

ಹಿಂದೆ ಸಾಲಿನಲ್ಲಿದ್ದವರು ಗುಸುಗುಸು ಶುರುಮಾಡಿದರು. ಹಸನಬಿ ಕೌಂಟರಿನ ಕಟ್ಟೆಯ ಮೇಲೆ ಮೊಣಕೈ ಊರಿ ಮತ್ತೆ ಕೇಳಿದಳು: “ನನ್ನ ಮಗಳದೊಂದ ಅಲ್ಲಲ್ಲ. ವಿಳಾಸದಾಗ ಇನ್ನೂ ಎಷ್ಟು ಮಂದೀದು ಬರದೀರಿ?”

“ಅದೆಲ್ಲ ನಿನಗ್ಯಾಕ? ಸರದು ನಿಂದ್ರು, ಮಂದಿ ಕಾಯಾಕತ್ತಾರ.”

“ನಂದೂ ಬರದಾನವ್ವ,” ಎಂದಿತು ಹಿಂದಿನಿಂದ ಒಂದು ದನಿ. ಶಿರೋಳದ ಮುದುಕ ಫಕ್ರುಸಾಬ, ರೋಣದ ಮಗಳ ಮನೆಗೆ ಬಂದವನು, ಕೋಲು ಊರುತ್ತ ಸಾಲು ಬಿಟ್ಟು ಮುಂದೆ ಬಂದ. “ನನಗೊಂದು ಗುಳಿಗಿ ಆಗೂದಿಲ್ಲ. ಮೈಯೆಲ್ಲಾ ಸುಟ್ಟಂಗ ಬೊಬ್ಬಿ ಏಳ್ತಾವ. ಊರ ಮುಂದ ಬರೀತೀನಿ ತಾತಾ ಅಂದಿದ್ದ. ಮನ್ನೆ, ಚೀಟಿ ಬ್ಯಾಡ ಅಂದ, ಹರದು ಒಗದೆ. ಏನಪಾ ಶಿವನಪ್ಪ, ನಂದೂ ಹ್ವಾತೇನ?”

ಸಾಲು ಒಡೆದು ಕೌಂಟರಿನ ಸುತ್ತ ಗುಂಪಾಯಿತು. ನಂದು ಏನಾತು, ನಮ್ಮ ಅವ್ವಂದು ಏನಾತು ಎಂದು ಹತ್ತು ಬಾಯಿ ಒಮ್ಮೆಲೇ ತೆರೆದವು. ಶಿವನಪ್ಪ ಹಣೆ ಒರೆಸಿಕೊಂಡ. “ಹಳೇ ಮಷೀನ್ ಹೊರಗ ತರಬೇಕಂದ್ರ ಮ್ಯಾನೇಜರ್ ಹುಕುಂ ಬೇಕು.”

“ಮನ್ನೆ ಯಾರ ಹುಕುಂ ಕೇಳಿ ಕೀಲಿ ಮುರದ್ರಿ?” ಎಂದಳು ಹಸನಬಿ. “ಕಡೀ ಬಸ್ಸು ಐದೂವರೆಗೆ ಐತಿ. ಅಲ್ಲಿತನಕ ನಾ ಇಲ್ಲೇ ಕುಂದ್ರತೀನಿ.” ಕೂತೇಬಿಟ್ಟಳು, ಕೌಂಟರಿನ ಬಾಗಿಲಿಗೆ ಅಡ್ಡಲಾಗಿ, ಸ್ಟೂಲಿನ ಮೇಲೆ.

ಗೊಣಗುತ್ತ, ಬೈಯುತ್ತ, ಶಿವನಪ್ಪ ಹಳೆಯ ಕಂಪ್ಯೂಟರನ್ನು ಹೊತ್ತು ತಂದು ಹೊಸದರ ಪಕ್ಕಕ್ಕೆ ಇಟ್ಟ. ಅದರ ಮೇಲಿದ್ದ ಹಾಸಿಗೆಯ ಬಟ್ಟೆಯ ಧೂಳು ಎಲ್ಲರ ಮೂಗಿಗೂ ಬಡಿಯಿತು.

“ಮೊದಲ ನನ್ನ ಮಗಳದು,” ಎಂದಳು ಹಸನಬಿ.

ಅವನು ಹೊಸ ಕಂಪ್ಯೂಟರಿನಲ್ಲಿ ಮೆಹನಾಜಳ ಹೆಸರು ತೆಗೆದ. ಮೂರನೆಯ ಪುಟಕ್ಕೆ ಹೋದ. ಅಲ್ಲಿತ್ತು ಆ ಖಾನೆ, ‘ಇಲ್ಲ’ ಎಂದು ತುಂಬಿಕೊಂಡು. ಒತ್ತಿದರೆ ಔಷಧಗಳ ಪಟ್ಟಿ ಇಳಿಯಿತು. ಪೆನ್ಸಿಲಿನ್ ಮೇಲೆ ಒಂದು ಸಲ ಒತ್ತಿದ. ಮುಗಿಯಿತು.

“ಇಷ್ಟನ?”

“ಇಷ್ಟ.”

“ಎರಡು ತಿಂಗಳಿಂದ ಈ ಖಾನೆ ಇಲ್ಲೇ ಇತ್ತು?”

ಶಿವನಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಮೂರನೇ ಪುಟಕ್ಕ ಹೋಗೂದು ಬಿಟ್ಟಿದ್ದೆ. ಸಾಲು ಲಗೂ ಸಾಗಲಿ ಅಂತ.”

ಹಸನಬಿ ಗಜೇಂದ್ರಗಡದ ದವಾಖಾನೆಗೆ ಫೋನು ಹಚ್ಚಿದಳು. ಎತ್ತಿದವಳು ರೇಷ್ಮಾ. “ಮತ್ತ ನೀವೇನ್ರಿ? ತಡೀರಿ... ಹೂಂ, ಬಂದೈತಿ. ಕೆಂಪು ಅಕ್ಷರದಾಗ ಬಂದೈತಿ. ಇನ್ನ ನನ್ನ ಕೆಲಸ ಮಾಡಾಕ ಬಿಡ್ತೀರೋ ಇಲ್ಲೋ?” ಎಂದು ಫೋನಿಟ್ಟಳು.

ಹಸನಬಿ ಚೀಲದಿಂದ ಅಳತೆಯ ಪುಸ್ತಕ ತೆಗೆದು ಹೊಸ ಹಾಳೆ ಬಿಡಿಸಿದಳು. ಪೆನ್ನಿನ ಟೋಪಿ ಹಲ್ಲಿನಿಂದ ಕಿತ್ತಳು.

“ಮುಂದಿನ ಹೆಸರು ಓದ್ರಿ. ತುಂಬಿದ್ದು ನಾ ಬರಕೋತೀನಿ. ಅಸೂಟಿ ಮಂದೀದು ಇದ್ರ ಮನಿಮನಿಗೆ ಹೋಗಿ ಹೇಳ್ತೀನಿ.”

“ಎಲ್ಲಾ ಮುಗಿಯೂತನಕ ಇಲ್ಲೇ ಇರ್ತಿಯೇನ ತಂಗಿ?”

ತಂಗಿ ಎಂಬ ಮಾತಿಗೆ ಅವಳು ಓ ಅನ್ನಲಿಲ್ಲ. “ಇವತ್ತು ಮುಗೀಲಿಲ್ಲಂದ್ರ ನಾಳೆ ಬರ್ತೀನಿ. ಓದ್ರಿ.”

ಶಿವನಪ್ಪ ಹಳೆಯ ಪರದೆಗೆ ಕಣ್ಣು ಹಚ್ಚಿದ. “ಫಕ್ರುಸಾಬ. ಶಿರೋಳ, ಸಲ್ಫಾ ಗುಳಿಗಿ...”

ಶಾಲೆಯಲ್ಲಿ ಹಾಜರಿ ಕೂಗಿದಾಗ ಹುಡುಗರು ಎತ್ತುವಂತೆ ಮುದುಕ ಕೋಲಿನ ಸಮೇತ ಕೈ ಎತ್ತಿದ. “ನಾನಪಾ! ಅದು ನಾನ.”

ಯಾರೂ ನಗಲಿಲ್ಲ. ಶಿವನಪ್ಪ ಮೂರನೆಯ ಪುಟಕ್ಕೆ ಹೋಗಿ ಒತ್ತಿದ. ಹಸನಬಿ ಬಗ್ಗಿ, ಖಾನೆಯಲ್ಲಿ ‘ಇಲ್ಲ’ ಅಳಿದು ಹೆಸರು ಮೂಡಿದ್ದನ್ನು ಕಣ್ಣಾರೆ ನೋಡಿ, ಪುಸ್ತಕದಲ್ಲಿ ಬರೆದುಕೊಂಡಳು.

“ಮುಂದಿಂದು,” ಎಂದಳು.